ನಾಲ್ಕನೆಯ ಬಾಟಲಿ

ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಕ್ಲಿನಿಕ್ಕಿನ ಒಳಕೋಣೆಯಲ್ಲಿ ಆರು ಬೆಂಚುಗಳ ಮೇಲೆ ಆರು ಜನ ಮಲಗಿದ್ದರು. ಗೋಡೆಯ ಆರು ಮೊಳೆಗಳಿಂದ ಆರು ಬಾಟಲಿಗಳು ತೂಗುತ್ತಿದ್ದವು. ಯಾರೂ ಮಾತಾಡುತ್ತಿರಲಿಲ್ಲ. ಹನಿ ಬೀಳುವುದಕ್ಕೆ ಸದ್ದೇನೂ ಇಲ್ಲ. ಆದರೂ ಹೊಸದಾಗಿ ಆ ಕೋಣೆಗೆ ಕಾಲಿಟ್ಟವರು ಒಂದು ಗಳಿಗೆ ನಿಂತು, ಎಲ್ಲೋ ಏನೋ ತೊಟ್ಟಿಕ್ಕುತ್ತಿದೆಯಲ್ಲ ಎಂದು ಸುತ್ತ ನೋಡುತ್ತಿದ್ದರು.

ಕಾಂಪೌಂಡರ್ ಬಾಗಿಲಿಗೆ ಒರಗಿ ಆರೂ ಬಾಟಲಿಗಳ ಮೇಲೆ ಕಣ್ಣಾಡಿಸಿದ. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ನರ ಹುಡುಕುವುದರಲ್ಲಿ ಅವನದು ಎತ್ತಿದ ಕೈ. ಮೊಣಕೈ ಮಡಿಕೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರೆ ಸಾಕು, ಸೂಜಿ ತನ್ನ ಮನೆಗೆ ತಾನೇ ಹೋದ ಹಾಗೆ ಹೋಗುತ್ತಿತ್ತು. ಅವನ ಕೈಗುಣದ ಮಾತು ಸುತ್ತಲಿನ ನಾಲ್ಕು ಬೀದಿಗಳಲ್ಲಿ ಹರಡಿತ್ತು. ದೊಡ್ಡ ಡಾಕ್ಟರು ಅಂತ ಒಬ್ಬರಿದ್ದರು. ಬೋರ್ಡಿನ ಮೇಲೆ ಅವರು ದಿನವಿಡೀ ಇರುತ್ತಿದ್ದರು; ಕುರ್ಚಿಯ ಮೇಲೆ ಹನ್ನೊಂದರಿಂದ ಹನ್ನೆರಡರವರೆಗೆ.

"ಅಣ್ಣಾ, ನಿನ್ನೆ ನಮ್ಮನೆಯವ್ರಿಗೆ ಹಾಕಿದ್ರಲ್ಲ, ನಂಗೂ ಅದನ್ನೇ ಹಾಕಿ" ಎಂದಳು ಬಾಗಿಲಲ್ಲಿ ಕಾಯುತ್ತಿದ್ದ ಹೆಂಗಸು.

"ಅದನ್ನೇ ಅಂದ್ರೆ ಯಾವ್ದು?"

"ಅದೇ, ಶಕ್ತಿದು."

ಕಪಾಟಿನಲ್ಲಿ ಎರಡು ಬಗೆಯ ಬಾಟಲಿಗಳಿದ್ದವು: ಸಕ್ಕರೆಯದು, ಉಪ್ಪಿನದು. ಸುಸ್ತಿಗೆ ಸಕ್ಕರೆಯದು, ಜ್ವರಕ್ಕೆ ಸಕ್ಕರೆಯದು, ವಾಂತಿಭೇದಿಗೂ ಸಕ್ಕರೆಯದು. ಸಕ್ಕರೆ ಕಾಯಿಲೆ ಇದ್ದವರಿಗೆ, ಅಥವಾ ಸಕ್ಕರೆಯದು ಮುಗಿದುಹೋದ ದಿನ, ಉಪ್ಪಿನದು. ಕಾಂಪೌಂಡರನ ಶಾಸ್ತ್ರವೆಲ್ಲ ಇಷ್ಟೇ. ಇಪ್ಪತ್ತೆಂಟು ವರ್ಷದಲ್ಲಿ ಆ ಶಾಸ್ತ್ರ ಕೈಕೊಟ್ಟಿದ್ದು ಅವನ ಗಮನಕ್ಕೆ ಬಂದಿರಲಿಲ್ಲ. ಅದು ಯಾರಿಗೆ ಕೈಕೊಟ್ಟಿತೋ ಅವರು ದೂರು ಹೇಳಲು ವಾಪಸು ಬರುವವರಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಎರಡು ಮೂರು ಬಾಟಲಿ ಏರಿಸಿಕೊಂಡವರ ಮುಖ ಸಂಜೆಗೆ ತುಸು ತುಂಬಿಕೊಳ್ಳುತ್ತಿತ್ತು. "ನೋಡಿ, ಹೇಗೆ ಕಳೆ ಬಂತು!" ಎಂದು ಮನೆಯವರು ಹಿಗ್ಗುತ್ತಿದ್ದರು. ಕೆನ್ನೆ ನುಣ್ಣಗಾಗಿ, ರೆಪ್ಪೆ ಭಾರವಾಗಿ, ಎಲ್ಲರ ಮುಖವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಆಗುತ್ತಿತ್ತು. ಬೀದಿಯಲ್ಲಿ ಎದುರಾದರೆ ಕಾಂಪೌಂಡರನಿಗೆ ಕೆಲವೊಮ್ಮೆ ತಟ್ಟನೆ ಗುರುತು ಸಿಗುತ್ತಿರಲಿಲ್ಲ. ಯಾರೋ ಒಬ್ಬರೇ ಹತ್ತಾರು ಜನರ ಬಟ್ಟೆ ತೊಟ್ಟು ಊರೆಲ್ಲ ತಿರುಗುತ್ತಿರುವಂತೆ ಕಾಣುತ್ತಿತ್ತು.

ಆ ಬೆಳಿಗ್ಗೆ ಅವನ ಅಕ್ಕನ ಮನೆಯ ಎದುರಿನ ಟೈಲರಮ್ಮ ಫೋನ್ ಮಾಡಿದಳು. "ನಿಮ್ಮಕ್ಕ ಮೂರು ದಿನದಿಂದ ವಾಂತಿಭೇದಿ, ಮೇಲೂ ಕೆಳಗೂ ಕಿತ್ಕೊಂಡು ಮಲಗಿದಾಳೆ. ನಿಮ್ಗೆ ಹೇಳ್ಬೇಡ ಅಂದ್ಳು, ಅದಕ್ಕೇ ಹೇಳ್ತಿದೀನಿ."

ಅವನು ಬ್ಯಾಗಿನಲ್ಲಿ ಬಾಟಲಿಗಳನ್ನು ತುಂಬಿಕೊಂಡು ಹೊರಟ.

ಅಕ್ಕ ಅಂದರೆ ಬರೀ ಅಕ್ಕ ಅಲ್ಲ. ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹನ್ನೆರಡು. ಅವನ ಮೂಗೊರೆಸಿದವಳು, ಅಕ್ಷರ ಕಲಿಸಿದವಳು, ಬೆನ್ನಿಗೆ ಬಾರಿಸಿದವಳು ಎಲ್ಲ ಅವಳೇ. ಈಗ ಅರವತ್ತರ ಮೇಲೆ ವಯಸ್ಸು. ಬಿಪಿಗೆ ದಿನಾ ಒಂದು ಮಾತ್ರೆ, ಮೈಯ ನೀರಿಳಿಸುವಂಥದ್ದು. ಓಣಿಯ ಕೊನೆಯಲ್ಲಿ ಮೂರು ಕೋಣೆಯ ಮನೆ, ಹನ್ನೊಂದು ವರ್ಷದಿಂದ ಒಬ್ಬಳೇ. ಮಗಳು ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದು, ಅಲ್ಲಿಯೇ ಹಾಸ್ಟೆಲಿನಲ್ಲಿದ್ದಳು.

"ಬಂದ್ಯಾ ಪುಟ್ಟಾ?" ಅಂದಳು ಅಕ್ಕ, ಐವತ್ತೈದು ವರ್ಷದ ಪುಟ್ಟನನ್ನು ನೋಡಿ. "ಏನೂ ಇಲ್ಲ ಕಣೋ. ನೀರು ಕುಡೀತಾನೇ ಇದೀನಿ. ಮೂರು ತಂಬಿಗೆ ಆಯ್ತು ಬೆಳಿಗ್ಗೆಯಿಂದ."

"ಊಟ?"

"ಸೇರಲ್ಲ."

ಬ್ಯಾಗಿನಿಂದ ಮೊದಲು ಕೈಗೆ ಬಂದದ್ದು ಉಪ್ಪಿನ ಬಾಟಲಿ. ಅದನ್ನು ಹಿಡಿದು ಒಂದು ಕ್ಷಣ ನಿಂತ. ಬಿಪಿ ಇರುವವರಿಗೆ ಉಪ್ಪು ವಿಷ ಎಂದು ದೊಡ್ಡ ಡಾಕ್ಟರು ದಿನಕ್ಕೆ ಹತ್ತು ಸಲ ಹೇಳುವುದನ್ನು ಅವನು ಕೇಳಿದ್ದ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಯೋಚಿಸುತ್ತಲೂ ಇರಲಿಲ್ಲ. ಅಕ್ಕ ಆದ್ದರಿಂದ ಯೋಚಿಸಿದ. ಉಪ್ಪಿನದನ್ನು ವಾಪಸು ಬ್ಯಾಗಿಗಿಟ್ಟು ಸಕ್ಕರೆಯದನ್ನು ತೆಗೆದ. ಸೂಜಿ ಒಂದೇ ಸಲಕ್ಕೆ ಹೋಯಿತು.

ಮಧ್ಯಾಹ್ನ ಅಕ್ಕನ ಮಗಳ ಫೋನ್ ಬಂತು. "ಮಾಮ, ಅಮ್ಮನ ರಕ್ತ ಒಂದ್ಸಲ ಪರೀಕ್ಷೆ ಮಾಡಿಸೋಣ. ಕರ್ಕೊಂಡು ಬನ್ನಿ."

"ಸುಮ್ನೆ ಯಾಕೆ ಓಡಾಡ್ಸೋದು? ನಾನಿದ್ದೀನಲ್ಲ" ಎಂದ.

ಸಂಜೆಗೆ ಎರಡನೆಯ ಬಾಟಲಿ ಏರಿತು.

ಮರುದಿನ ಬೆಳಿಗ್ಗೆ ಅಕ್ಕನ ಮುಖ ತುಂಬಿಕೊಂಡಿತ್ತು. ತಲೆ ಸಿಡಿಯುತ್ತಿದೆ ಎಂದಳು. ಸುಸ್ತಿಗೆ ಹಾಗಾಗುತ್ತೆ ಎಂದು ಅವನು ಮೂರನೆಯದನ್ನು ತೂಗುಹಾಕಿದ. ಕಿಟಕಿಯಿಂದ ಬಿಸಿಲು ನೇರ ಹಾಸಿಗೆಯ ಮೇಲೆ ಬೀಳುತ್ತಿತ್ತು. ಎದುರು ಮನೆಯಿಂದ ಹೊಲಿಗೆ ಯಂತ್ರದ ಸದ್ದು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಹೆದರಿಕೊಳ್ಳುವಂಥದ್ದು ಏನೂ ಇರಲಿಲ್ಲ.

"ಪುಟ್ಟಾ," ಎಂದಳು ಅಕ್ಕ, ಬಾಗಿಲಿನತ್ತ ನೋಡುತ್ತ. "ಅವ್ರಿಗೆ ಕೂರೋಕೆ ಹೇಳೋ. ಆಗ್ಲಿಂದ ನಿಂತೇ ಇದಾರೆ."

ಅವನು ತಿರುಗಿ ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಯಾರಕ್ಕಾ?"

"ಅವ್ರೇ." ಅಕ್ಕ ತುಸು ನಾಚಿದಂತೆ ನಕ್ಕಳು. ಪರಿಚಯವಿಲ್ಲದ ನೆಂಟರ ಮುಂದೆ ನಗುವ ನಗು ಅದು. ಆಮೇಲೆ ಗೋಡೆಗೆ ಅಂಗೈ ಒತ್ತಿ ಹಿಡಿದುಕೊಂಡಳು. "ಒಳಗೆಲ್ಲ ನೀರು ಬರ್ತಿದೆ. ಗೋಡೆ ಉಬ್ತಿದೆ ನೋಡು. ಹೊರಗೆ ಹೋಗೋಕೆ ದಾರಿನೇ ಇಲ್ಲ ಅದಕ್ಕೆ. ಯಾರಾದ್ರೂ ನಿಲ್ಲಿಸ್ರೋ."

ಧ್ವನಿ ಅವಳದಾಗಿರಲಿಲ್ಲ. ಹನ್ನೆರಡು ವರ್ಷದ ಹುಡುಗಿಯೊಬ್ಬಳ ಧ್ವನಿ. ಐವತ್ತು ವರ್ಷದ ಹಿಂದೆ ಆ ಧ್ವನಿಯನ್ನು ಅವನು ದಿನಾ ಕೇಳಿದ್ದ. ಗೋಡೆಯನ್ನು ಮುಟ್ಟಿ ನೋಡಿದ. ಒಣಗಿತ್ತು, ಬಿಸಿಲಿಗೆ ಬೆಚ್ಚಗಿತ್ತು.

ಅಕ್ಕನ ಕೂಗು ಕೇಳಿ ಟೈಲರಮ್ಮ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಓಡಿ ಬಂದಳು. ಅಕ್ಕನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಬಟ್ಟೆ ಕತ್ತರಿಸುವ ಮುಂಚೆ ನಿರ್ಧರಿಸುವವರ ಹಾಗೆ ನಿರ್ಧರಿಸಿಬಿಟ್ಟಳು.

"ಇದು ಅವ್ಳೇ. ಟೀಚರಮ್ಮ."

"ಯಾವ ಟೀಚರಮ್ಮ?"

"ನಿಮ್ಮಕ್ಕನಿಗಿಂತ ಮುಂಚೆ ಈ ಮನೇಲಿ ಇದ್ದೋಳು. ಇದೇ ಕೋಣೇಲೇ ಜೀವ ಹೋಗಿದ್ದು. ಬಾಗ್ಲಲ್ಲಿ ನಿಂತೇ ಪಾಠ ಮಾಡ್ತಿದ್ಳು, ಕೂರ್ತಾನೇ ಇರ್ಲಿಲ್ಲ."

"ಹನ್ನೊಂದು ವರ್ಷ ಸುಮ್ನಿದ್ದೋಳು ಈಗ್ಯಾಕೆ ಬಂದ್ಳು?"

"ಅವ್ಳಿಗೂ ಪುರುಸೊತ್ತು ಆಗ್ಬೇಕಲ್ಲ" ಎಂದಳು ಟೈಲರಮ್ಮ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಹೆದರಿ ಬಾಗಿಲಿನಿಂದ ಎರಡು ಹೆಜ್ಜೆ ಈಚೆಗೆ ಸರಿದು ನಿಂತಳು.

ಕಾಂಪೌಂಡರ್ ದೆವ್ವ ನಂಬುವವನಲ್ಲ. ಅವನು ನಂಬಿದ್ದು ಬಾಟಲಿಯನ್ನು. ಮೂರನೆಯದು ಖಾಲಿಯಾಗುತ್ತಿದ್ದಂತೆ, ನಿಶ್ಶಕ್ತಿ ತಲೆಗೇರಿದೆ ಎಂದುಕೊಂಡು ನಾಲ್ಕನೆಯದನ್ನು ಹಾಕಿದ. ಬೇಗ ಹೋಗಲಿ ಎಂದು ಹನಿಯ ವೇಗ ತಿದ್ದುವ ಚಕ್ರವನ್ನು ತುಸು ಸಡಿಲ ಮಾಡಿದ. ಅಕ್ಕ ಬಾಟಲಿಯನ್ನೇ ನೋಡುತ್ತಿದ್ದಳು. ಆಮೇಲೆ ಅವನತ್ತ ತಿರುಗಿ ತುಂಬ ಮರ್ಯಾದೆಯಿಂದ ಕೇಳಿದಳು: "ತಾವು ಯಾರು?"

ಅವನು ಉತ್ತರ ಕೊಡುವುದರೊಳಗೆ ಅವಳ ಕಣ್ಣುಗುಡ್ಡೆ ಮೇಲೆ ಹೋಯಿತು. ದವಡೆ ಕಚ್ಚಿಕೊಂಡಿತು. ಮೈಯೆಲ್ಲ ಬಿಲ್ಲಿನ ಹಾಗೆ ಸೆಟೆದು, ಹಾಸಿಗೆ ಗಡಗಡ ನಡುಗಿತು. ಟೈಲರಮ್ಮನ ಕಿರುಚಾಟಕ್ಕೆ ಓಣಿಯೇ ನೆರೆಯಿತು.

ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೂದಲನ್ನು ಪೆನ್ನಿನಿಂದ ಗಂಟು ಕಟ್ಟಿಕೊಂಡಿದ್ದಳು. ರಕ್ತದ ವರದಿ ಬಂದ ಕೂಡಲೇ ಕಾಂಪೌಂಡರನನ್ನು ಕರೆದಳು.

"ಏನೇನು ಕೊಟ್ಟಿದ್ರಿ?"

ಹೇಳಿದ. ಮೊದಲ ಸಲ, ಬಾಟಲಿಯ ಲೆಕ್ಕ ಹೇಳುವಾಗ ಧ್ವನಿ ಕೆಳಗಿಳಿಯಿತು.

"ರಕ್ತದಲ್ಲಿ ಉಪ್ಪಿನ ಅಂಶ ನೂರಾ ಮೂವತ್ತೈದರ ಮೇಲಿರ್ಬೇಕು. ಇವ್ರದ್ದು ನೂರಾ ಹನ್ನೆರಡು. ಭೇದೀಲಿ ಉಪ್ಪು ಹೋಯ್ತು, ಬಿಪಿ ಮಾತ್ರೇಲಿ ಹೋಯ್ತು. ಕುಡಿದಿದ್ದು ಬರೀ ನೀರು. ನೀವು ಹಾಕಿದ್ದೂ ಹೆಚ್ಚುಕಮ್ಮಿ ಬರೀ ನೀರೇ."

"ಅದು ನೀರಲ್ಲ ಮೇಡಂ, ಗ್ಲೂಕೋಸು."

"ಬಾಟಲಿಯೊಳಗೆ ಗ್ಲೂಕೋಸು. ಮೈಗೆ ಹೋದ ಮೇಲೆ ಸಕ್ಕರೆನ ಮೈ ತಿಂದ್ಬಿಡುತ್ತೆ. ನೀರು ಉಳ್ಕೊಳ್ಳುತ್ತೆ. ಅದು ಎಲ್ಲಿಗೆ ಹೋಗ್ಬೇಕು? ಜೀವಕೋಶದ ಒಳಗೆ ನುಗ್ಗುತ್ತೆ. ಕೈಕಾಲು ಉಬ್ಬಿದ್ರೆ ಚರ್ಮ ಹಿಗ್ಗುತ್ತೆ. ಮಿದುಳು ಉಬ್ಬಿದ್ರೆ ಸುತ್ತ ಇರೋದು ಮೂಳೆ. ಹೊರಗೆ ಹೋಗೋಕೆ ದಾರಿ ಇಲ್ಲ."

ಕಾಂಪೌಂಡರ್ ತಲೆಯೆತ್ತಿದ. ಈ ಮಾತನ್ನು ಅವನು ಇವತ್ತೇ, ಎರಡು ಗಂಟೆಯ ಹಿಂದೆ, ಬೇರೊಬ್ಬರ ಬಾಯಲ್ಲಿ ಕೇಳಿದ್ದ.

"ಹಾಗಿದ್ರೆ ಉಪ್ಪಿನದ್ದೇ ಹಾಕಿ ಮೇಡಂ! ಎರಡು ಬಾಟಲಿ ಒಟ್ಟಿಗೆ ಬಿಡಿ!"

"ಬಾಟಲಿ ಬಿಟ್ಟು ಬೇರೆ ಏನೂ ತೋಚೋದೇ ಇಲ್ವಾ ನಿಮ್ಗೆ?" ಅವಳು ಬೈಯಲಿಲ್ಲ, ನಿಜವಾಗಿಯೂ ಕೇಳಿದಳು. "ಗಟ್ಟಿ ಉಪ್ಪಿನ ನೀರು ಒಂದು ಲೋಟಕ್ಕಿಂತ ಕಮ್ಮಿ ಕೊಟ್ಟಿದೀನಿ, ಫಿಟ್ಸ್ ನಿಂತಿದೆ. ಇನ್ನು ನಿಧಾನ. ಗಂಟೆಗಂಟೆಗೂ ಅಳೆದು ಅಳೆದು. ಉಬ್ಬಿದ್ದನ್ನ ಒಂದೇ ಸಲಕ್ಕೆ ಹಿಂಡಿದ್ರೆ ಮಿದುಳಿನ ನರಗಳೇ ಹಾಳಾಗ್ಬಹುದು. ಆಮೇಲೆ ಅವ್ರು ಬದುಕ್ತಾರೆ, ಕಣ್ಣು ಬಿಟ್ಟು ನೋಡ್ತಾರೆ. ಆದ್ರೆ ಮಾತು ಇರಲ್ಲ, ನುಂಗೋಕೆ ಆಗಲ್ಲ. ಒಳಗೆ ಇದಾರೆ ಅಂತ ನಿಮ್ಗೆ ಗೊತ್ತಿರುತ್ತೆ, ಅಷ್ಟೇ."

ಎರಡು ದಿನ ಅವನು ಹಾಸಿಗೆಯ ಪಕ್ಕದ ಸ್ಟೂಲಿನಿಂದ ಏಳಲಿಲ್ಲ. ಹನಿ ಎಣಿಸುತ್ತಿದ್ದ. ಇಪ್ಪತ್ತೆಂಟು ವರ್ಷ ಹನಿ ಬಿಟ್ಟವನು ಎಣಿಸಿದ್ದು ಇದೇ ಮೊದಲು. ಅಕ್ಕ ನಡುನಡುವೆ ಕಣ್ಣು ತೆರೆಯುತ್ತಿದ್ದಳು. ಪ್ರತಿ ಸಲವೂ ಅವನಿಗೆ ಒಂದೇ ದಿಗಿಲು: ಆ ಕಣ್ಣಿನಿಂದ ಈಗ ಹೊರಗೆ ನೋಡುತ್ತಿರುವುದು ಯಾರು? ಮೂರನೆಯ ಬೆಳಿಗ್ಗೆ ಅವಳು ಅವನನ್ನು ಗಮನವಿಟ್ಟು ನೋಡಿ, "ಗಡ್ಡ ತೆಗೆಯೋಕೆ ಏನೋ ಧಾಡಿ ನಿಂಗೆ, ಪುಟ್ಟಾ?" ಎಂದಳು. ಅವನು ಕಾರಿಡಾರಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತು ಅತ್ತ.

ಅವತ್ತು ಮಧ್ಯಾಹ್ನ ಅಕ್ಕನ ಮಗಳು ಅವನನ್ನು ಲ್ಯಾಬಿಗೆ ಕರೆದಳು. ಬೈಯುತ್ತಾಳೆ ಎಂದು ತಯಾರಾಗಿಯೇ ಹೋದ. ಅವಳು ಬೈಯಲಿಲ್ಲ. "ಕೈ ಕೊಡಿ ಮಾಮ" ಎಂದು ಬೆರಳು ಚುಚ್ಚಿ, ಮೂರು ಗಾಜಿನ ಪಟ್ಟಿಗಳ ಮೇಲೆ ಮೂರು ಹನಿ ರಕ್ತ ಇಟ್ಟಳು.

ಮೊದಲನೆಯದಕ್ಕೆ ಹದವಾದ ಉಪ್ಪುನೀರು ಸೇರಿಸಿದಳು. ಅವನು ಸೂಕ್ಷ್ಮದರ್ಶಕದೊಳಗೆ ಬಗ್ಗಿ ನೋಡಿದ. ನಡುವೆ ಗುಳಿ ಬಿದ್ದ ಪುಟ್ಟ ಬಿಲ್ಲೆಗಳು ಸಾವಿರಾರು, ಪೇಟೆಯಲ್ಲಿ ಜನ ಓಡಾಡುವ ಹಾಗೆ ಆರಾಮವಾಗಿ ತೇಲುತ್ತಿದ್ದವು. ಎರಡನೆಯದಕ್ಕೆ ಗಟ್ಟಿ ಉಪ್ಪುನೀರು. ಬಿಲ್ಲೆಗಳೆಲ್ಲ ಸುಕ್ಕುಗಟ್ಟಿ, ಅಂಚೆಲ್ಲ ಮುಳ್ಳುಮುಳ್ಳಾಗಿ ಒಳಗೊಳಗೇ ಮುದುಡಿದವು.

"ಈಗ ಬರೀ ನೀರು" ಎಂದಳು.

ಬಿಲ್ಲೆಗಳು ಉಬ್ಬತೊಡಗಿದವು. ನಡುವಿನ ಗುಳಿ ತುಂಬಿತು. ತುಂಬಿ, ನುಣ್ಣಗಾಗಿ, ಗುಂಡಗಾಗಿ, ಎಲ್ಲವೂ ಒಂದೇ ತೆರನಾದವು. ಎಷ್ಟೋ ಸಂಜೆ ಬೀದಿಯಲ್ಲಿ ಕಂಡಿದ್ದ ಮುಖಗಳೇ ಇಲ್ಲಿ ತನ್ನತ್ತ ತಿರುಗಿದಂತೆ ಅವನಿಗೆ ಕಂಡಿತು. ಆಮೇಲೆ ಒಂದು ಮಾಯವಾಯಿತು. ಪಕ್ಕದ್ದು ಮಾಯವಾಯಿತು. ದೀಪ ಆರಿಸುತ್ತ ಯಾರೋ ಮನೆಯಿಂದ ಮನೆಗೆ ಹೋದ ಹಾಗೆ ಒಂದೊಂದಾಗಿ ಎಲ್ಲವೂ.

"ಎಲ್ಲಿಗೆ ಹೋದ್ವು?"

"ಎಲ್ಲಿಗೂ ಹೋಗಿಲ್ಲ. ಸರಿಯಾಗಿ ನೋಡಿ."

ನೋಡಿದ. ಬೆಳಕು ತುಂಬಿದ ಖಾಲಿಯೊಳಗೆ ಅತಿ ತೆಳುವಾದ ಬಳೆಗಳು ಕಂಡವು. ಬಣ್ಣವಿಲ್ಲ, ಒಳಗೇನೂ ಇಲ್ಲ. ಆದರೂ ಅವು ತೇಲುತ್ತಲೇ ಇದ್ದವು.

"ಇಂಥ ಚಿಪ್ಪುಗಳಿಗೆ ನಮ್ಮ ಪುಸ್ತಕದಲ್ಲಿ ದೆವ್ವ ಅಂತಲೇ ಹೆಸರು" ಎಂದಳು. "ಅಮ್ಮನ ರಕ್ತ ಹೀಗೆ ಒಡೆದಿರ್ಲಿಲ್ಲ ಮಾಮ, ಸುಳ್ಳು ಹೇಳಲ್ಲ. ಇದು ಬರೀ ನೀರು, ಗಾಜಿನ ಮೇಲೆ. ನಿಮ್ಮ ಸಕ್ಕರೆ ನೀರನ್ನೇ ಇಲ್ಲಿ ಹಾಕಿದ್ರೆ ಇವು ಒಡೆಯೋದೂ ಇಲ್ಲ. ಅಲ್ಲೇ ಇರೋದು ಮೋಸ. ಸಕ್ಕರೆ ಬಾಗಿಲವರೆಗೆ ಜೊತೆಗೆ ಬಂದು ಹೊರಟುಹೋಗುತ್ತೆ. ಆಮೇಲೆ ಒಳಗೆ ನೀರೊಂದೇ. ಮಿದುಳಿಗೆ ಒಡೆಯೋವಷ್ಟು ಬೇಕಾಗಿಲ್ಲ, ಸ್ವಲ್ಪ ಉಬ್ಬಿದ್ರೆ ಸಾಕು."

ಅವನು ಬಹಳ ಹೊತ್ತು ಬಗ್ಗಿಯೇ ಇದ್ದ.

"ಅಮ್ಮನಿಗೆ ನಾನೇನೂ ಹೇಳಲ್ಲ" ಎಂದಳು ಗಾಜು ತೊಳೆಯುತ್ತ. "ಹೇಳೋದಿದ್ರೆ ನೀವೇ ಹೇಳಿ."

ಹೇಳುವ ಅಗತ್ಯವೇ ಬೀಳದಂತೆ ಓಣಿ ಎಲ್ಲ ಏರ್ಪಾಡು ಮಾಡಿಟ್ಟಿತ್ತು. ಅವನು ವಾಪಸು ಬರುವಷ್ಟರಲ್ಲಿ ಕಥೆ ಹೊಲಿದು, ಇಸ್ತ್ರಿ ಹಾಕಿ ಇಟ್ಟಾಗಿತ್ತು: ಟೀಚರಮ್ಮ ಬಂದು ಮೈಮೇಲೆ ಕೂತಳು, ಕಾಂಪೌಂಡರಣ್ಣ ನಾಲ್ಕು ಬಾಟಲಿ ಏರಿಸಿ ಜೀವ ಹಿಡಿದಿಟ್ಟ, ಇಲ್ಲದಿದ್ದರೆ ಆಸ್ಪತ್ರೆ ಮುಟ್ಟುವುದರೊಳಗೇ ಮುಗಿದುಹೋಗುತ್ತಿತ್ತು. ಕ್ಲಿನಿಕ್ಕಿನಲ್ಲಿ ಬೆಂಚು ಸಾಲದಾದವು. "ದೆವ್ವಾನೇ ಇಳಿಸಿದ ಕೈ ಇದು" ಎಂದು ಒಬ್ಬ ಮುದುಕ ಅವನ ಅಂಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

ಅವನು ದೊಡ್ಡ ಡಾಕ್ಟರ ಬಳಿ ಹೋಗಿ ನಿಂತ. "ಸರ್, ರಕ್ತ ನೋಡ್ದೆ ಇನ್ಮೇಲೆ ನಾನು ಬಾಟಲಿ ಹಾಕಲ್ಲ."

ದೊಡ್ಡ ಡಾಕ್ಟರು ಕನ್ನಡಕ ತೆಗೆದರು. ಕೆಟ್ಟವರೇನಲ್ಲ, ದಣಿದವರು. "ನಾವು ಹಾಕ್ದಿದ್ರೆ ಮುಂದಿನ ಬೀದಿಯವ್ನು ಹಾಕ್ತಾನೆ ಕಣಯ್ಯ. ನೀನು ಸೂಜಿನಾದ್ರೂ ಬದಲಾಯಿಸ್ತೀಯ. ಕುಡಿಯೋಕೆ ಉಪ್ಪುಸಕ್ಕರೆ ಪುಡಿ ಕೊಟ್ಟು ಕಳಿಸಿದ್ರೆ, ಅಷ್ಟು ದೂರದಿಂದ ಇದಕ್ಕಾ ಬಂದಿದ್ದು ಅಂತಾರೆ. ಜನ ಔಷಧ ನೋಡ್ಬೇಕು, ಮೇಲಿಂದ ಇಳಿಯೋದನ್ನ ನೋಡ್ಬೇಕು. ಆಗ್ಲೇ ಅವ್ರಿಗೆ ಸಮಾಧಾನ." ಕನ್ನಡಕ ಒರೆಸಿ ಹಾಕಿಕೊಂಡು, "ನಿಮ್ಮಕ್ಕ ಉಳಿದ್ರಲ್ಲ" ಎಂದರು.

"ಉಳಿದ್ರು."

"ಹಾಗಿದ್ಮೇಲೆ?"

ಅವತ್ತು ಅವನು ಯಾರಿಗೂ ಸೂಜಿ ಚುಚ್ಚಲಿಲ್ಲ. ಕೈ ಉಳುಕಿದೆ ಎಂದು ಸುಳ್ಳು ಹೇಳಿ ಬಂದವರಿಗೆಲ್ಲ ಪುಡಿ ಕೊಟ್ಟ. ಅರ್ಧ ಜನ ಮುಂದಿನ ಬೀದಿಗೆ ಹೋದರು.

ಅಕ್ಕ ಮನೆಗೆ ಬಂದ ನಾಲ್ಕನೆಯ ದಿನ ಅವನು ನೋಡಲು ಹೋದಾಗ ಮುಂದಿನ ಕೋಣೆಯ ತುಂಬ ಪಾತ್ರೆಗಳು ಹರಡಿದ್ದವು. ಅಕ್ಕ ಒಂದೊಂದನ್ನೂ ಹಳೆಯ ಪೇಪರಿನಲ್ಲಿ ಸುತ್ತಿ ಗೋಣಿಚೀಲಕ್ಕೆ ತುಂಬುತ್ತಿದ್ದಳು. ಟೈಲರಮ್ಮ ಚೀಲದ ಬಾಯಿ ಹೊಲಿಯಲು ದೊಡ್ಡ ಸೂಜಿ ಹಿಡಿದು ಕೂತಿದ್ದಳು.

"ಏನಕ್ಕಾ ಇದು?"

"ಮನೆ ಬಿಡ್ತಿದೀನಿ. ಎಲ್ಲಾದ್ರೂ ಒಂದು ಕೋಣೆ ನೋಡೋ." ಅವಳು ತಲೆಯೆತ್ತಲಿಲ್ಲ. ಒಳಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಅದರ ಮೇಲೆ ಹಗ್ಗವನ್ನೂ ಬಿಗಿದಿದ್ದಳು. "ನಾಲ್ಕು ದಿನದಿಂದ ಅಡುಗೆಮನೇಲೇ ಕೂತ್ಕೊಂಡಿದೀನಿ. ಕಣ್ಣು ಮುಚ್ಚಿದ್ರೆ ಬಾಗ್ಲಲ್ಲಿ ನಿಂತಿರ್ತಾಳೆ. ಅವ್ಳ ಮುಖ ಕಾಣಲ್ಲ ಪುಟ್ಟಾ. ಮುಖ ಇರೋ ಜಾಗ ಬೆಳ್ಳಗೆ ಉಬ್ಬಿರುತ್ತೆ."

"ಹೋಗ್ಲಿ ಬಿಡಿ, ಜೀವಕ್ಕಿಂತ ಮನೆ ದೊಡ್ಡದಾ?" ಎಂದಳು ಟೈಲರಮ್ಮ. "ನಿಮ್ಮ ಕೈಗುಣ ಇತ್ತು, ಬದುಕಿದ್ರು. ಇನ್ನೊಂದ್ಸಲ ಅವ್ಳು ಬಂದ್ರೆ?"

ಅಕ್ಕನ ಕೈ ಸುತ್ತಿದ ಪಾತ್ರೆಯನ್ನೇ ಮತ್ತೆ ಬಿಚ್ಚಿ ಮತ್ತೆ ಸುತ್ತುತ್ತಿತ್ತು. ಯಾವುದಕ್ಕೂ ಹೆದರದ ಕೈ ಅದು. ಹನ್ನೆರಡನೆಯ ವಯಸ್ಸಿಗೆ ಒಲೆ ಹಚ್ಚಿದ ಕೈ. ಅವನು ಸುಮ್ಮನಿದ್ದರೆ ಸಾಕಿತ್ತು. ಒಂದು ಕೋಣೆ ಹುಡುಕಿಕೊಟ್ಟರೆ ಸಾಕಿತ್ತು. ಅಕ್ಕನ ಕಣ್ಣಲ್ಲಿ, ಓಣಿಯ ಕಣ್ಣಲ್ಲಿ ಅವನು ದೆವ್ವ ಓಡಿಸಿದವನಾಗಿಯೇ ಉಳಿಯುತ್ತಿದ್ದ. ಅವಳು ಮಾತ್ರ ಸಾಯುವವರೆಗೆ ಯಾವ ಮನೆಯಲ್ಲಿದ್ದರೂ ಬಾಗಿಲ ಕಡೆ ಬೆನ್ನು ಮಾಡಿ ಕೂರುತ್ತಿರಲಿಲ್ಲ.

"ಅವ್ಳು ಬರಲ್ಲ" ಎಂದ. "ಬಂದೇ ಇರ್ಲಿಲ್ಲ. ಬಂದಿದ್ದು ನಾನು."

ಇಬ್ಬರೂ ಅವನತ್ತ ನೋಡಿದರು. ಅವನು ಪಾತ್ರೆಗಳ ನಡುವೆ ನೆಲದ ಮೇಲೆ ಕೂತು ಹೇಳಿದ. ಉಪ್ಪು ಹೋಗಿದ್ದು, ಉಪ್ಪಿನ ಬಾಟಲಿ ಕೈಗೆ ಬಂದಿದ್ದು, ವಾಪಸಿಟ್ಟಿದ್ದು; ಸಕ್ಕರೆ ಕರಗಿದ್ದು, ನೀರು ಉಳಿದಿದ್ದು, ಅದು ತಲೆಯೊಳಗೆ ಹೋಗಿದ್ದು; ರಕ್ತ ಪರೀಕ್ಷೆ ಬೇಡ ಅಂದಿದ್ದು. ಚಕ್ರ ಸಡಿಲ ಮಾಡಿದ್ದನ್ನೂ ಬಿಡಲಿಲ್ಲ. ಟೈಲರಮ್ಮ ಸೂಜಿ ಹಿಡಿದ ಕೈಯನ್ನು ಕೆಳಗಿಳಿಸುವುದನ್ನೇ ಮರೆತಿದ್ದಳು.

"ಹಾಗಿದ್ರೆ ಟೀಚರಮ್ಮ?" ಎಂದಳು ಕೊನೆಗೆ, ಸ್ವಲ್ಪ ನಿರಾಶೆಯಿಂದಲೇ.

"ಪಾಪ, ಅವ್ರದ್ದೇನೂ ಇಲ್ಲ ಇದ್ರಲ್ಲಿ."

ಟೈಲರಮ್ಮ ಎದ್ದು ಸೀರೆ ಕೊಡವಿಕೊಂಡು ಹೊರಟಳು. ಈ ಸುದ್ದಿ ಸಂಜೆಯೊಳಗೆ ನಾಲ್ಕೂ ಬೀದಿ ಮುಟ್ಟುತ್ತದೆ, ಹೊಸ ಕಥೆ ಹೊಲಿಗೆ ಯಂತ್ರಕ್ಕೆ ಏರಿಯಾಯಿತು ಎಂದು ಅವನಿಗೆ ಗೊತ್ತಿತ್ತು. ತಡೆಯಲಿಲ್ಲ.

ಅಕ್ಕ ಹಗ್ಗ ಬಿಗಿದ ಬಾಗಿಲನ್ನೇ ನೋಡುತ್ತಿದ್ದಳು. ಮಧ್ಯಾಹ್ನದ ಬಿಸಿಲು ಬಾಗಿಲ ಸಂದಿನಿಂದ ಒಂದು ಗೆರೆಯಾಗಿ ಹೊರಗೆ ಬಿದ್ದಿತ್ತು.

"ನೀರು ಬರ್ತಿದೆ, ನಿಲ್ಲಿಸ್ರೋ ಅಂತ ನಾನು ಅವತ್ತು ಹೇಳ್ದೆ, ಅಲ್ವೇನೋ? ಕನಸಲ್ಲ ತಾನೆ ಅದು?"

"ಹೇಳ್ದೆ ಅಕ್ಕಾ."

"ನೀನು ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ."

"ಕೇಳಿಸ್ಕೊಂಡು ಏನ್ಮಾಡ್ದೆ?"

"ಇನ್ನೊಂದು ಬಾಟಲಿ ಹಾಕ್ದೆ."

ಅಕ್ಕ ಕೈ ಎತ್ತಿದಳು; ಬೆನ್ನಿಗೆ ಬೀಳುತ್ತದೆ ಎಂದು ಅವನು ಕಾದ, ಬಿದ್ದರೆ ಸಾಕೆಂದು ಕಾದ. ಅವಳು ಗೋಣಿಚೀಲದೊಳಗೆ ಕೈ ಹಾಕಿ, ಪೇಪರ್ ಸುತ್ತಿದ ಒಂದು ಪಾತ್ರೆಯನ್ನು ಹೊರಗೆ ತೆಗೆದು ಅವನ ಮಡಿಲಲ್ಲಿಟ್ಟಳು.

"ಬಿಚ್ಚು" ಎಂದಳು. "ಮೇಲಿನ ಹಲಗೆ ನಂಗೆ ಎಟುಕಲ್ಲ."